ಬೇರೂ ಬಂತು, ಬೀಗರೂ ಬಂದರು

“ಸಾವಿರ ಹುಡುಗರನ್ನ ತಿದ್ದೇನಿ, ಒಂದ ಪೈಪ ತಿದ್ದೂದು ಯಾವ ಲೆಕ್ಕ!” ಎಂದು ಬೈಲಹೊಂಗಲದ ಗಣಿತ ಮಾಸ್ತರ ವೀರಪ್ಪನವರು ಧೋತರ ಎತ್ತಿ ಕಟ್ಟಿದರು.

ಎರಡು ದಿನದಿಂದ ಬಚ್ಚಲ ನೀರು ಹೊರಗೆ ಹೋಗದೆ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಿತ್ತು. ಮಗಳು ಗುರವ್ವನನ್ನು ನೋಡಲು ಹುಡುಗನ ತಂದೆ ಸೋಮಪ್ಪನವರು ನೇಸರಗಿಯಿಂದ ಅಂದೇ ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು.

“ಹನುಮಪ್ಪ ಗೌಂಡಿಗೆ ಹೇಳಿ ಕಳಸ್ರಿ,” ಎಂದಳು ಹೆಂಡತಿ ಸಾವಂತ್ರೆವ್ವ.

“ಗಾರೆ ಕೆಲಸದ ಗೌಂಡಿ ಯಾಕ? ನಾ ಇಲ್ಲೇನು?”

ಹಿತ್ತಲಲ್ಲಿ ಮೊಣಕಾಲುದ್ದ ಅಗೆದಾಗ ಕಳ್ಳ ಸಿಕ್ಕಿಬಿದ್ದ. ಅತ್ತಿ ಮರದ ಬೇರು ಮಣ್ಣಿನ ಕೊಳವೆಯ ಸಂದಿಯಲ್ಲಿ ನುಗ್ಗಿ, ಒಳಗೇ ಸಂಸಾರ ಹೂಡಿ, ಕುದುರೆ ಬಾಲದಂತೆ ಬೆಳೆದಿತ್ತು! ಮಾಸ್ತರರು ಜಗ್ಗಿದರು. ಬರಲಿಲ್ಲ. ಗೋಡೆಗೆ ಕಾಲು ಕೊಟ್ಟು, ಬಸವಣ್ಣನನ್ನು ನೆನೆದು ಜಗ್ಗಿದರು. ಬಂತು! ಬೇರಿನ ಬೆನ್ನಿಗೆ ಕೊಳವೆಯ ಚೂರು ಬಂತು, ಅದರ ಬೆನ್ನಿಗೆ ಎರಡು ದಿನದ ನೀರೆಲ್ಲ ಬಂತು! ಮಾಸ್ತರರು ಕುಣಿಯಲ್ಲಿ ಅಂಗಾತ ಬಿದ್ದರು. ಎದ್ದಾಗ ಎರಡು ಕಣ್ಣು ಬಿಟ್ಟು ಉಳಿದದ್ದೆಲ್ಲ ರಾಡಿ.

ಅಷ್ಟರಲ್ಲಿ ಹಿತ್ತಲ ಬೇಲಿಯ ಆಚೆ ಜರಿ ರುಮಾಲು ಕಂಡಿತು. ಇದುವರೆಗೆ ಮಾಸ್ತರರ ಮುಖವನ್ನೇ ನೋಡಿರದ ಸೋಮಪ್ಪನವರು ಮುಂಜಾನೆಯ ಬಸ್ಸಿಗೇ ಬಂದುಬಿಟ್ಟಿದ್ದರು!

“ಏನಪಾ, ವೀರಪ್ಪ ಮಾಸ್ತರು ಮನ್ಯಾಗ ಅದಾರೇನು?”

ಈ ವೇಷದಲ್ಲಿ ‘ನಾನೇ’ ಎನ್ನುವುದು ಹೇಗೆ? “ಜಳಕಾ ಮಾಡಾಕತ್ತಾರ್ರಿ!” ಎಂದುಬಿಟ್ಟರು.

ಸೋಮಪ್ಪನವರು ಒಳಬಂದು ಕುಣಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ದನಿ ತಗ್ಗಿಸಿದರು. “ಬೀಗತನದ ಮಾತೈತಿ. ಖರೇ ಹೇಳು, ಮಾಸ್ತರು ಮನಷ್ಯಾ ಹ್ಯಾಂಗ?”

ಇಂಥ ಭಾಗ್ಯ ಯಾರಿಗುಂಟು! “ದೇವರಂಥಾವ್ರರಿ! ಸಿಟ್ಟಂದ್ರ ಗೊತ್ತಿಲ್ಲ. ಹೆಂಡ್ತಿ ಮಾತ ಎಂದೂ ಮೀರಿಲ್ಲ. ಅವರ ಕೈ ಹಚ್ಚಿದ ಕೆಲಸಾ ಕೆಟ್ಟದ್ದ ಇಲ್ಲ!”

“ಏನ್ರೀ!” ಹಿತ್ತಲ ಬಾಗಿಲಿಗೆ ಬಂದ ಸಾವಂತ್ರೆವ್ವ, ಪಕ್ಕದಲ್ಲಿ ಕೂತವರನ್ನು ಗಮನಿಸದೆ ಗುಡುಗಿದಳು. “ಗೌಂಡಿನ್ನ ಕರಸ್ರಿ ಅಂದ್ರ ಕೇಳಲಿಲ್ಲ, ಇದ್ದ ಪೈಪನೂ ಒಡದ ಕುಂತ್ರಿ! ಗುರವ್ವನ ಅಪ್ಪ ಇವರ ಅಂತ ಬೀಗರಿಗೆ ಹ್ಯಾಂಗ ತೋರಸ್ಲಿ?”

ಮಾಸ್ತರರಿಗೆ ಮತ್ತೆ ಕುಣಿಯಲ್ಲೇ ಮಲಗಿಬಿಡಬೇಕೆನಿಸಿತು. ಸಂಬಂಧ ಮುರಿಯಿತು ಎಂದೇ ತಿಳಿದರು. ಆದರೆ ಸೋಮಪ್ಪನವರು ರುಮಾಲು ಜಾರುವಂತೆ ನಕ್ಕು, ಕೈಕೊಟ್ಟು ಅವರನ್ನು ಮೇಲೆತ್ತಿದರು.

“ಮಾಸ್ತರ ಗುಣಾ ಮಾಸ್ತರನ್ನ ಕೇಳಿದ್ದಾತು. ಇನ್ನ ನೀವ ಹೇಳ್ರಿ ಅವ್ವಾರ. ಇವರ ಮಗಳನ್ನ ತಂದ್ಕೋಬಹುದೇನು?”

ಸಾವಂತ್ರೆವ್ವ ಗಡಬಡಿಸಿ ಸೆರಗು ಹೊದ್ದಳು. ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ನೀವೇನ ಚಿಂತಿ ಮಾಡಬ್ಯಾಡ್ರಿ,” ಎಂದಳು. “ಹುಡುಗಿ ಪೂರಾ ನನ್ನಂಗ ಅದಾಳ!”

“ಹಂಗಾರ ಸಂಬಂಧ ಗಟ್ಟಿ ಆತು, ಸಕ್ರಿ ತರ್ರಿ!” ಎಂದರು ಸೋಮಪ್ಪನವರು.