ಮೂಲೆಯಲ್ಲಿ ಅಚ್ಚಾದ ಗಂಟೆ

ಮನುಷ್ಯನಿಗೆ ಎರಡು ಬಗೆಯ ಅಭಿರುಚಿಗಳಿರುತ್ತವೆ. ಒಂದು ನಾಲ್ಕು ಜನರೆದುರು ಹೇಳಿಕೊಳ್ಳುವುದಕ್ಕೆ, ಇನ್ನೊಂದು ಬಾಗಿಲು ಹಾಕಿಕೊಂಡು ಅನುಭವಿಸುವುದಕ್ಕೆ. ಎರಡೂ ಒಂದೇ ಆಗಿರುವ ಪುಣ್ಯವಂತರು ಇದ್ದಾರೆಂದು ಕೇಳಿದ್ದೇನೆ, ನೋಡಿಲ್ಲ. ಶಿರಸಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ನನ್ನ ಹೇಳಿಕೊಳ್ಳುವ ಅಭಿರುಚಿ ಬಹಳ ಉನ್ನತವಾದದ್ದು. ತಾಳಮದ್ದಲೆಗೆ ಹೋದರೆ ಮುಂದಿನ ಸಾಲಿನಲ್ಲಿ ಕೂತು ತಲೆದೂಗುತ್ತೇನೆ. ಅಂಗಡಿಗೆ ಬಂದವರಿಗೆ ಕನ್ನಡಕದ ಜೊತೆ ಒಂದೆರಡು ವಿಚಾರಗಳನ್ನೂ ಕೊಟ್ಟು ಕಳಿಸುತ್ತೇನೆ. ಒಮ್ಮೆಯಂತೂ ಇಲ್ಲಿಯ ಮಹಿಳಾ ಮಂಡಳವೊಂದು ನನ್ನನ್ನು ಕರೆಸಿ ಟಿವಿ ಧಾರಾವಾಹಿಗಳ ದುಷ್ಪರಿಣಾಮದ ಬಗ್ಗೆ ಭಾಷಣ ಮಾಡಿಸಿತ್ತು. ಧಾರಾವಾಹಿಗಳಿಂದ ಕಣ್ಣು ಕೆಡುತ್ತದೆ ಎಂದು ಶುರುಮಾಡಿ ಬುದ್ಧಿ ಕೆಡುತ್ತದೆ ಎಂಬಲ್ಲಿಗೆ ಮುಗಿಸಿದ್ದೆ. ಎದುರಿಗೆ ಕೂತ ಹೆಂಗಸರು ಮಾತಾಡದೆ ಕೇಳಿದರು, ಹಾರ ಹಾಕಿದರು, ಏಳು ಗಂಟೆಯಾಗುತ್ತಿದ್ದಂತೆ ವಂದನಾರ್ಪಣೆಗೂ ನಿಲ್ಲದೆ ಮನೆಗೆ ಓಡಿದರು. ಯಾಕೆ ಓಡಿದರೆಂದು ನನಗೆ ಆಗ ಅರ್ಥವಾಗಿರಲಿಲ್ಲ. ಈಗ ಆಗುತ್ತದೆ.

ನನ್ನನ್ನು ಕೆಡಿಸಿದ್ದು ಯಲ್ಲಾಪುರ. ಅಲ್ಲೊಂದು ಕಣ್ಣಿನ ತಪಾಸಣೆಯ ಶಿಬಿರ ಮುಗಿಸಿ, ಶಿರಸಿ ಬಸ್ಸಿಗೆ ಕಾಯುತ್ತ ಒಂದು ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ. ಗೋಡೆಯ ಮೇಲಿನ ಟಿವಿಯಲ್ಲಿ ಸುಮೇಧಾ ಎಂಬ ಹುಡುಗಿ ಕೈಯಲ್ಲಿ ಆರತಿ ತಟ್ಟೆ ಹಿಡಿದು ದೊಡ್ಡ ಮನೆಯೊಂದರ ಮೆಟ್ಟಿಲು ಇಳಿಯುತ್ತಿದ್ದಳು. ಮೇಲೆ ಅವಳ ನಾದಿನಿ ಎಣ್ಣೆಯ ಬಾಟಲಿ ಬಗ್ಗಿಸುತ್ತಿದ್ದಳು. ಎಣ್ಣೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಬಂತು. ಅಷ್ಟರಲ್ಲಿ ಬಸ್ಸೂ ಬಂತು. ಕಂಡಕ್ಟರು ಕೂಗಿದ, ಹೋಟೆಲಿನವನೂ ಎಚ್ಚರಿಸಿದ. ನಾನು ಮಾತ್ರ ಎಣ್ಣೆಯನ್ನೇ ನೋಡುತ್ತ ಕೂತೆ. ಬಸ್ಸು ಹೋಯಿತು, ಸುಮೇಧಾ ಬೀಳಲಿಲ್ಲ. ಅವಳ ಕಾಲು ಎಣ್ಣೆಯ ಮೇಲೆ ಬೀಳುವ ಹೊತ್ತಿಗೆ ಸರಿಯಾಗಿ ನಾಳೆಗೆ ಮುಂದುವರಿಯಿತು. ಆ ‘ನಾಳೆ’ ನನ್ನ ಬದುಕಿನಲ್ಲಿ ಇನ್ನೂ ಮುಗಿದಿಲ್ಲ.

ಆದರೆ ನಮ್ಮ ಮನೆಯ ಟಿವಿ ನನ್ನದಲ್ಲ, ನನ್ನ ಅತ್ತೆಯದು. ದಾಸನಕೊಪ್ಪದವರಾದ ಅತ್ತೆ ಕಣ್ಣಿನ ಆಪರೇಷನ್ನಿಗೆಂದು ನಮ್ಮ ಮನೆಗೆ ಬಂದವರು, ಕಣ್ಣಿಗೆ ಬಿಡುವ ಔಷಧ ಮುಗಿದು ವರ್ಷಗಳಾದರೂ ಇಲ್ಲೇ ಇದ್ದಾರೆ. ಇರಲಿ ಎಂದು ನಾನೇ ಮನಸಾರೆ ಹೇಳುತ್ತೇನೆ. ಯಾಕೆಂದರೆ ಅವರ ಕನ್ನಡಕ ಮಾಡಿಕೊಟ್ಟವನು ನಾನು. ದಾಸನಕೊಪ್ಪದಿಂದ ಬರುವ ಪ್ರತಿಯೊಬ್ಬರಿಗೂ ಅವರು ಕನ್ನಡಕ ತೆಗೆದು ತೋರಿಸಿ, “ನಮ್ಮ ಅಳಿಯಾರ ಅಂಗಡೀದು, ಇರವಿ ಹರದಾಡಿದ್ರೂ ಕಾಣತೈತಿ” ಎನ್ನುತ್ತಾರೆ. ಆ ಒಂದು ಮಾತಿನಿಂದ ಆ ದಿಕ್ಕಿನ ಗಿರಾಕಿಗಳೆಲ್ಲ ನನ್ನ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಇಂಥ ಅತ್ತೆ ಒಂದು ಟಿವಿ ಇಟ್ಟುಕೊಂಡರೆ ಬೇಡವೆನ್ನಲು ನನಗೇನು ಹುಚ್ಚೇ?

ಅತ್ತೆ ನೋಡುತ್ತಿದ್ದುದು ಒಂದೇ ಚಾನೆಲ್ಲು. ಅದರ ಗುರುತು ಒಂದು ಹಳದಿ ಗಂಟೆ. ನಮ್ಮ ಮನೆಯಲ್ಲಿ ಅದಕ್ಕೆ ಗಂಟೆ ಚಾನೆಲ್ ಎಂದೇ ಹೆಸರು. ಬನವಾಸಿಯಲ್ಲಿರುವ ಅವರ ತಂಗಿ, ಅಂದರೆ ನಮ್ಮ ಚಿಕ್ಕತ್ತೆ, ಸುಮೇಧಾ ಬರುವ ಗಿಳಿ ಚಾನೆಲ್ಲಿನ ಪಕ್ಷ. ಅಕ್ಕತಂಗಿಯರು ದಿನಾ ಬೆಳಿಗ್ಗೆ ಫೋನಿನಲ್ಲಿ ತಂತಮ್ಮ ಚಾನೆಲ್ಲಿನ ಪರವಾಗಿ ಜಗಳಾಡಿ, ಆಮೇಲೆ ಪರಸ್ಪರ ಮಂಡಿನೋವು ವಿಚಾರಿಸಿಕೊಳ್ಳುತ್ತಿದ್ದರು. “ಸತ್ತರೂ ಗಿಳಿ ನೋಡೂದಿಲ್ಲ” ಎಂದು ಅತ್ತೆ ತಂಗಿಗೆ ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಆ ಕಾಲದಲ್ಲಿ ಇಂಥ ನಿಷ್ಠೆಗೆ ಅರ್ಥವೂ ಇತ್ತು. ಕಣ್ಣು ಮುಚ್ಚಿಕೊಂಡು ಕೂತರೂ ಇದು ಗಂಟೆ, ಇದು ಗಿಳಿ ಎಂದು ಹೇಳಬಹುದಿತ್ತು. ಗಂಟೆಯವರು ನಿಧಾನಸ್ಥರು, ಅವರ ಧಾರಾವಾಹಿಗಳಲ್ಲಿ ಜನ ಊಟ ಮಾಡುತ್ತಿದ್ದರು, ಕೆಮ್ಮುತ್ತಿದ್ದರು, ಹತ್ತಿಯ ಸೀರೆ ಉಡುತ್ತಿದ್ದರು. ಗಿಳಿಯವರದು ಗುಡುಗು ಸಿಡಿಲು, ರೇಷ್ಮೆ ಸೀರೆಯಲ್ಲೇ ನಿದ್ದೆ, ಪಾಯಸದಲ್ಲಿ ವಿಷ.

ಅತ್ತೆಯ ಭಕ್ತಿ ಎಷ್ಟು ಗಟ್ಟಿಯೆಂದರೆ, ಬೆಳಗಿನಿಂದ ರಾತ್ರಿಯವರೆಗೆ ಅದೊಂದೇ ಚಾನೆಲ್ಲು ಓಡಿ ಓಡಿ ನಮ್ಮ ಹಳೆಯ ಟಿವಿಯ ಪರದೆಯ ಮೇಲೆ ಆ ಗಂಟೆ ಅಚ್ಚಾಗಿಬಿಟ್ಟಿತು. ಯಾವ ಚಾನೆಲ್ ಹಾಕಿದರೂ ಮೇಲಿನ ಮೂಲೆಯಲ್ಲಿ ಮಸುಕಾಗಿ ಒಂದು ಗಂಟೆ. ಸುದ್ದಿ ಓದುವವರ ಪಕ್ಕದಲ್ಲಿ ಗಂಟೆ, ಕ್ರಿಕೆಟ್ಟಿನ ಸ್ಕೋರಿನ ಮೇಲೆ ಗಂಟೆ, ಕಾಡಿನ ಹುಲಿಯ ಬೆನ್ನಿನ ಮೇಲೂ ಗಂಟೆ. ರಿಪೇರಿಗೆ ಬಂದ ರಫೀಕ್ ಪರದೆಯನ್ನು ಉಜ್ಜಿ ನೋಡಿ ಕೈಚೆಲ್ಲಿದ. “ಇದು ಕೂತು ಹೋಗಿದೆ ಸರ್, ಏಳೂದಿಲ್ಲ. ಬೇರೆ ಚಾನೆಲ್ ಇಷ್ಟೇ ಪ್ರೀತಿಯಿಂದ ಒಂದಷ್ಟು ವರ್ಷ ನೋಡಿ, ಅದರ ಅಚ್ಚು ಇದರ ಮೇಲೆ ಬೀಳ್ತದೆ” ಎಂದು ಸಮಾಧಾನ ಹೇಳಿ ಹೋದ.

ಇಷ್ಟಾದ ಮೇಲೆ ಗಂಟೆ ಚಾನೆಲ್ಲಿನವರಿಗೆ ಏನು ಕೇಡುಬುದ್ಧಿ ಬಂತೋ, ಒಂದು ದಿನ ತಮ್ಮ ಗಂಟೆಯನ್ನೇ ಕಿತ್ತೆಸೆದರು. ಅದರ ಜಾಗದಲ್ಲಿ ನೇರಳೆ ಬಣ್ಣದ ಏನೋ ಒಂದು ಬಂತು. ಎಲೆ ಎನ್ನಬಹುದು, ಬೆಂಕಿ ಎನ್ನಬಹುದು, ಕೊನೆಗೆ ಬದನೆಕಾಯಿ ಎಂದರೂ ಅಡ್ಡಿಯಿಲ್ಲ. ಹಳೆಯ ರಾಗ ಹೋಗಿ ಡಬಡಬ ಎಂಬ ಸದ್ದು ಬಂತು. ‘ನಿಧಾನವಾಗಿ ಬದುಕೋಣ’ ಎಂಬ ಅರ್ಥದ ಘೋಷಣೆ ಹೋಗಿ ‘ಓಡೋಣ’ ಎಂಬ ಅರ್ಥದ್ದು ಬಂತು. ಗಿಳಿಯವರನ್ನು ನೋಡಿ ನೋಡಿ ಇವರಿಗೂ ಆಸೆ ಹುಟ್ಟಿತೆಂದು ಕಾಣುತ್ತದೆ, ಊಟ ಮಾಡುತ್ತಿದ್ದ ಜನರೆಲ್ಲ ವಿಷ ಬೆರೆಸತೊಡಗಿದರು. ಬೇರೆ ಭಾಷೆಯಿಂದ ತಂದ ಧಾರಾವಾಹಿಗಳಲ್ಲಿ ಬಾಯಿ ಮುಚ್ಚಿದ ಮೇಲೂ ಮಾತು ಬರತೊಡಗಿತು. ಗಂಟೆಯ ನಾಯಕಿ ಮೇಘನಾ ಇಳಿಯುವ ಮೆಟ್ಟಿಲನ್ನೂ ಗಿಳಿಯ ಸುಮೇಧಾ ಇಳಿಯುವ ಮೆಟ್ಟಿಲನ್ನೂ ಒಬ್ಬನೇ ಬಡಗಿ ಮಾಡಿದ್ದೆಂದು ನಾನು ಪ್ರಮಾಣ ಮಾಡಬಲ್ಲೆ. ಇಬ್ಬರ ಅತ್ತೆಯರೂ ಗಾಲಿ ಕುರ್ಚಿಯಲ್ಲಿದ್ದರು. ಕಾಲನಿಯಲ್ಲಿ ಒಂದೇ ಥರ ಕಟ್ಟಿದ ಮನೆಗಳ ಹಾಗೆ, ಹೆಸರಿನ ಫಲಕ ನೋಡಿಯೇ ಯಾರ ಮನೆಯೆಂದು ತಿಳಿಯಬೇಕು. ಆ ಫಲಕವನ್ನೂ ಇವರು ಬದಲಿಸಿಬಿಟ್ಟಿದ್ದರು.

ಅತ್ತೆ ಆ ನೇರಳೆ ಗುರುತನ್ನು ಬಹಳ ಹೊತ್ತು ದಿಟ್ಟಿಸಿ, “ಮೂಲ್ಯಾಗ ಯಾವುದೋ ಹೊಸಾದು ಬಂದು ಕುಂತೈತಿ ನೋಡ್ರಿ. ಇರ್ಲಿ ಬಿಡ್ರಿ, ನಮ್ಮ ಗಂಟಿ ಅಂತೂ ಐತಿ” ಎಂದರು. ಐತಿ ಅಂದರೆ, ನಮ್ಮ ಟಿವಿಯ ಪರದೆಯ ಮೇಲೆ ಇತ್ತು. ಚಾನೆಲ್ಲಿನವರು ಕಳೆದುಕೊಂಡ ಗುರುತನ್ನು ಇಡೀ ರಾಜ್ಯದಲ್ಲಿ ಕಾಪಾಡಿಕೊಂಡು ಬಂದದ್ದು ಪ್ರಾಯಶಃ ನಮ್ಮ ಮನೆಯೊಂದೇ.

ಅತ್ತೆಯ ಆ ಮಾತು ಕೇಳಿದ ಕ್ಷಣವೇ ನನ್ನ ತಲೆಯಲ್ಲಿ ದುರ್ಬುದ್ಧಿಯ ಬೀಜ ಬಿತ್ತು. ಅಚ್ಚಾದ ಗಂಟೆ, ಪಕ್ಕದಲ್ಲಿ ಯಾವುದೋ ಒಂದು ಹೊಸಾದು. ಆ ‘ಹೊಸಾದು’ ನೇರಳೆಯಾದರೇನು, ಹಸಿರು ಗಿಳಿಯಾದರೇನು? ನಾನು ಯಾರಿಗೂ ಹೇಳದೆ ಕೇಬಲ್ಲಿನವರಿಗೆ ಫೋನು ಮಾಡಿ ನಮ್ಮ ತಿಂಗಳ ಪ್ಯಾಕಿಗೆ ಗಿಳಿ ಚಾನೆಲ್ಲನ್ನು ಸೇರಿಸಿಕೊಂಡೆ. ಮೇಘನಾ ಬರುವುದೂ ಏಳೂವರೆಗೆ, ಸುಮೇಧಾ ಬರುವುದೂ ಏಳೂವರೆಗೆ. ಅತ್ತೆ ದೇವರಿಗೆ ದೀಪ ಹಚ್ಚಿ ಬರುವಷ್ಟರಲ್ಲಿ ಗಿಳಿ ಹಾಕಿ, ರಿಮೋಟನ್ನು ಪಂಚೆಯ ಕೆಳಗೆ ಇಟ್ಟುಕೊಂಡು, ಕೈಯಲ್ಲಿ ದಿನಪತ್ರಿಕೆ ಹಿಡಿದು ಕೂತೆ. ನಾನು ಧಾರಾವಾಹಿ ನೋಡುವವನಲ್ಲವಲ್ಲ.

ಮೊದಲ ದಿನ ಅತ್ತೆ ಕನ್ನಡಕ ಸರಿಮಾಡಿಕೊಂಡು, “ಮೇಘನಾನ ಮಾರಿ ಬ್ಯಾರೆ ಕಾಣಾಕತ್ತೈತಲ್ರಿ” ಎಂದರು. ಪತ್ರಿಕೆಯ ಹಿಂದಿನಿಂದಲೇ, “ಪಾತ್ರಧಾರಿ ಬದಲಾದ್ರಂತೆ ಅತ್ತೆ, ಅಂಗಡಿಯಲ್ಲಿ ಯಾರೋ ಹೇಳ್ತಿದ್ರು” ಎಂದೆ. “ಹೌದೇನ್ರಿ. ಮೊದಲಿನಾಕಿಗೆ ಮದುವಿ ಗೊತ್ತಾಗಿರಬೇಕು” ಎಂದು ಅವರೇ ಕಾರಣ ಒದಗಿಸಿದರು. ಮರುದಿನ, “ಎಲ್ಲಾರೂ ಸುಮೇಧಾ ಸುಮೇಧಾ ಅಂತಾರಲ್ಲ” ಎಂದರು. ಶತ್ರುಗಳ ಕಣ್ಣಿಗೆ ಮಣ್ಣೆರಚಲು ಮೇಘನಾ ಹೆಸರು ಬದಲಿಸಿಕೊಂಡಿದ್ದಾಳೆ ಎಂದೆ. ಧಾರಾವಾಹಿಯಲ್ಲಿ ಇದಕ್ಕಿಂತ ದೊಡ್ಡ ಸುಳ್ಳುಗಳು ನಡೆಯುವುದರಿಂದ ನನ್ನದು ಸಲೀಸಾಗಿ ಹೊಂದಿಕೊಂಡಿತು. ತೊಂದರೆಯೆಂದರೆ ಜಾಹೀರಾತು ಮುಗಿದಾಗಲೆಲ್ಲ ಒಂದು ದೊಡ್ಡ ಗಿಳಿ ರೆಕ್ಕೆ ಬಡಿಯುತ್ತ ಪರದೆಯ ತುಂಬ ಹಾರುತ್ತಿತ್ತು. ಅದು ಬರುವ ಹೊತ್ತಿಗೆ ಸರಿಯಾಗಿ ನಾನು ಎದ್ದು ಟಿವಿಗೆ ಅಡ್ಡ ನಿಂತು ವೈರು ಸರಿಮಾಡುತ್ತಿದ್ದೆ. ಅತ್ತೆ, “ಆ ವೈರ ಭಾಳ ತ್ರಾಸ ಕೊಡಾಕತ್ತೈತಿ ನೋಡ್ರಿ ನಿಮಗ” ಎಂದು ಮರುಗುತ್ತಿದ್ದರು.

ಗೆದ್ದೆ ಎಂದು ಬೀಗುತ್ತಿದ್ದವನಿಗೆ ಒಂದು ಕೊರಗು ಮಾತ್ರ ಒಳಗೊಳಗೇ ಕೊರೆಯುತ್ತಿತ್ತು. ಅತ್ತೆಗೆ ಗಿಳಿಗೂ ಬದನೆಕಾಯಿಗೂ ವ್ಯತ್ಯಾಸ ಕಾಣುತ್ತಿಲ್ಲವೆಂದರೆ ನಾನು ಮಾಡಿಕೊಟ್ಟ ಕನ್ನಡಕದ ಗತಿ ಏನು? ಕಂಡರೆ ನನ್ನ ಸುಮೇಧಾ ಹೋಗುತ್ತಾಳೆ, ಕಾಣದಿದ್ದರೆ ನನ್ನ ಅಂಗಡಿಯ ಹೆಸರು ಹೋಗುತ್ತದೆ. ಒಂದು ದಿನ ತಡೆಯಲಾರದೆ, “ಅತ್ತೆ, ಕಣ್ಣು ಚೆನ್ನಾಗಿ ಕಾಣ್ತದಲ್ಲ?” ಎಂದು ಕೇಳಿಯೇಬಿಟ್ಟೆ. “ಏನ ಕಾಣಬೇಕೋ ಅದು ಕಾಣತೈತಿ ಬಿಡ್ರಿ” ಎಂದರು. ನಾನು ಅದನ್ನು ಪ್ರಶಂಸೆ ಎಂದೇ ತಿಳಿದುಕೊಂಡೆ.

ಹೀಗಿರುವಾಗ ಬನವಾಸಿಯ ಚಿಕ್ಕತ್ತೆ ಕನ್ನಡಕ ಮಾಡಿಸಲು ಶಿರಸಿಗೆ ಬಂದರು. ಜೊತೆಗೆ ದಾಸನಕೊಪ್ಪದ ನೆಂಟರಿಬ್ಬರು ಹೆಂಗಸರು. ಅವತ್ತು ಸುಮೇಧಾಳ ಸೀಮಂತ. ನಾದಿನಿ ಬಳೆಯ ಪೆಟ್ಟಿಗೆಯೊಳಗೆ ಏನೋ ಇಟ್ಟಿದ್ದಳು, ಏನೆಂದು ಹಿಂದಿನ ದಿನ ತೋರಿಸಿರಲಿಲ್ಲ. ನಾನು ಅಂಗಡಿಯ ಬಾಗಿಲು ಬೇಗ ಎಳೆದು ಮನೆಗೆ ಬಂದರೆ ಟಿವಿಯೆದುರು ನಾಲ್ಕು ಹೆಂಗಸರು ಸಾಲಾಗಿ ಕೂತಿದ್ದಾರೆ. ಗಿಳಿ ಹಾಕಿದರೆ ಸಿಕ್ಕಿಬೀಳುತ್ತೇನೆ. ಹಾಕದಿದ್ದರೆ ಪೆಟ್ಟಿಗೆಯಲ್ಲಿ ಏನಿದೆಯೆಂದು ತಿಳಿಯುವುದಿಲ್ಲ. ಮರ್ಯಾದೆಯೋ ಬಳೆಯ ಪೆಟ್ಟಿಗೆಯೋ ಎಂದು ನಾನು ಬಾಗಿಲಲ್ಲಿ ನಿಂತು ನಿಜವಾಗಿ ಒದ್ದಾಡಿದೆ. ಒಬ್ಬ ವಿಚಾರವಂತ ಇಂಥ ಹೊತ್ತಿನಲ್ಲಿ ಏನು ಮಾಡುತ್ತಾನೋ ಅದನ್ನೇ ಮಾಡಿದೆ. ಕೈಕಾಲು ತೊಳೆದು ಬಂದು ಗಿಳಿ ಹಾಕಿದೆ.

ಹಾಕಿದ ಮರುಗಳಿಗೆಯೇ ಚಿಕ್ಕತ್ತೆ, “ಅಕ್ಕಾ, ಇದು ನಮ್ಮ ಗಿಳಿ ಅಲ್ಲೇನ? ಸತ್ತರೂ ನೋಡೂದಿಲ್ಲ ಅಂದಿದ್ದಿ” ಎಂದರು. ನಾನು ಪತ್ರಿಕೆಯ ಹಿಂದೆ ಇನ್ನಷ್ಟು ಒಳಸರಿದೆ. ಅತ್ತೆ ಎಲೆಗೆ ಸುಣ್ಣ ಹಚ್ಚುವುದನ್ನೂ ನಿಲ್ಲಿಸದೆ ಹೇಳಿದರು: “ನಾ ಎಲ್ಲಿ ನೋಡತೀನವ್ವ. ನಮ್ಮ ಅಳಿಯಾರು ನೋಡತಾರ. ಇದಿಲ್ಲಂದ್ರ ಅವರಿಗೆ ಊಟ ಸೇರೂದಿಲ್ಲ. ಆ ಹುಡುಗಿಗೆ ನಾದಿನಿ ಏನರ ಅಂದ್ರ ಪೇಪರದಾಗ ಮಾರಿ ಮುಚ್ಚಿಕೊಂಡು ಅಳತಾರ. ಅಳಿಯಾರ ಮನಸ ನೋಯಿಸಬಾರದಂತ ಕುಂದರತೀನಿ ಅಷ್ಟ.”

ನಾಲ್ಕೂ ಜನ ನನ್ನ ಕಡೆ ತಿರುಗಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, “ರೀ, ಪೇಪರ್ ತಲೆಕೆಳಗಾಗಿದೆ” ಎಂದಳು. ನೋಡಿದರೆ ಹೌದು, ತಲೆಕೆಳಗಾಗಿತ್ತು.

ನೆಂಟರು ಹೋದ ಮೇಲೆ ನಾನು ಅತ್ತೆಯ ಬಳಿ ಕೂತು ಮೆಲ್ಲಗೆ, “ಯಾವಾಗಿಂದ ಗೊತ್ತಿತ್ತು ಅತ್ತೆ?” ಎಂದು ಕೇಳಿದೆ. “ಮೊದಲನೇ ದಿನದಿಂದ. ನೀವು ಮಾಡಿಕೊಟ್ಟ ಚಸ್ಮಾ ಅಲ್ಲೇನ್ರಿ, ಸುಳ್ಳ ಹೇಳತೈತೇನ್ರಿ ಅದು?” ಎಂದರು. ಹೊಗಳಿಕೆಯೂ ನನ್ನದೇ, ಸೋಲೂ ನನ್ನದೇ. ಆಮೇಲೆ ಅವರು ದನಿ ತಗ್ಗಿಸಿ ನಿಜ ಹೇಳಿದರು. “ಗಂಟಿ ಚಾನೆಲ್ಲ ಕೆಟ್ಟು ಹೋತ್ರಿ. ಬಣ್ಣ ಬದಲಿಸಿದ್ದಕ್ಕಲ್ಲ, ಮಂದಿ ಮನಿಯವರಂಗ ಮಾತಾಡಾಕ ಹತ್ತಿದ್ರು. ಅವರ ಹಂಗ ಮಾಡೂದಾದ್ರ ಅವರನ್ನ ನೋಡಿದ್ರಾತು, ಇವರ್ಯಾಕ ಬೇಕು? ಆದ್ರ ತಂಗಿ ಮುಂದ ಹಂಗನ್ನಾಕ ಆಗತೈತೇನ್ರಿ? ನೀವಾಗೇ ಗಿಳಿ ಹಚ್ಚಿದ್ರಿ, ಪುಣ್ಯಾತ್ಮರು ಅನ್ಕೊಂಡೆ. ಆ ವೈರಿಗೆ ಎದ್ದು ಅಡ್ಡ ನಿಲ್ಲೂದೊಂದು ಬಿಡ್ರಿ ಇನ್ನ.”

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಆ ರಾತ್ರಿ ನಾವಿಬ್ಬರೂ, ಬಳೆಯ ಪೆಟ್ಟಿಗೆಯಲ್ಲಿ ಚೇಳು ಇಟ್ಟವರ ವಂಶ ಉದ್ಧಾರವಾಗುವುದಿಲ್ಲ ಎಂಬ ಒಮ್ಮತಕ್ಕೆ ಬಂದು ಮಲಗಿದೆವು. ಆದರೆ ಹೊರಗೆ ನನ್ನ ಹೆಸರು ಹೋದದ್ದು ಹೋಯಿತು. ಬನವಾಸಿ ಕಡೆಯ ಬಸ್ಸಿನಲ್ಲಿ ಸುದ್ದಿ ಊರೂರು ಇಳಿಯಿತು. ಮಹಿಳಾ ಮಂಡಳದವರು ಮತ್ತೆ ಭಾಷಣಕ್ಕೆ ಕರೆದಿಲ್ಲ. ಎದುರಾದರೆ ಮಾತ್ರ ಈಗ ತಮ್ಮವನೇ ಎಂಬಂತೆ ನಗುತ್ತಾರೆ.

ಮೊನ್ನೆ ದಾಸನಕೊಪ್ಪದ ಹಿರಿಯರೊಬ್ಬರು ಅಂಗಡಿಗೆ ಬಂದು ಕೂತರು. ಅವರ ಕನ್ನಡಕ ಹೊಸದೇ, ನಾನೇ ಕೊಟ್ಟದ್ದು. ಸಡಿಲವಾಗಿದೆಯೇ ಎಂದರೆ ಇಲ್ಲ, ಗೀರು ಬಿದ್ದಿದೆಯೇ ಎಂದರೆ ಇಲ್ಲ. ಅತ್ತಿತ್ತ ನೋಡಿ ಕೊನೆಗೆ, “ನಿನ್ನೆ ನಮ್ಮೂರಾಗ ಕರೆಂಟ್ ಹೋಗಿತ್ರಿ. ಸುಮೇಧಾ ಮನಿ ಬಿಟ್ಟು ಹೋದ್ಲೋ, ಉಳದ್ಲೋ? ನೀವಾದ್ರ ಸರಿಯಾಗಿ ಹೇಳತೀರಂತ ನಮ್ಮ ಮನ್ಯಾಗ ಕಳಿಸ್ಯಾರ” ಎಂದರು. ಇಂಥದ್ದನ್ನೆಲ್ಲ ನಾನು ನೋಡುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಮೊದಲಿನಿಂದ ಹೇಳಿದೆ. ಅವಳು ಹೊಸ್ತಿಲು ದಾಟುವಾಗ ಗಾಲಿ ಕುರ್ಚಿಯ ಅತ್ತೆ ಎದ್ದು ನಿಂತು “ಮಗಳೇ” ಎಂದು ಕರೆದದ್ದನ್ನು ಹೇಳುವಷ್ಟರಲ್ಲಿ ನನ್ನ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ನಮ್ಮ ಅಂಗಡಿ ಇರುವ ರಸ್ತೆಯಲ್ಲಿ ಧೂಳು ಬಹಳ.