ಕೆಂಚನಗೇರಿಯ ಹೆಬ್ಬಾಗಿಲ ಮಹಾಸಮರ

ಎಲೈ ವಾಗ್ದೇವಿಯೇ, ಪುರಸಭೆಯ ಕಪಾಟುಗಳಲ್ಲಿ ಮಲಗಿರುವ ಕಡತಗಳ ಧೂಳನ್ನು ನಿನ್ನ ವೀಣೆಯ ಒಂದು ಮಿಡಿತದಿಂದ ಕೊಡವಿ, ಕ್ಷಣಕಾಲ ನನ್ನ ನಾಲಗೆಯ ತುದಿಗೆ ಬಂದು ಕೂರು. ನಾನು ಹೇಳಹೊರಟಿರುವುದು ಕೃತಯುಗದ ಕಥೆಯಲ್ಲ, ತ್ರೇತೆಯದಲ್ಲ, ದ್ವಾಪರದ್ದೂ ಅಲ್ಲ; ಕಲಿಯುಗದ ಬಸಿರಲ್ಲಿ ಹುಟ್ಟಿದ ಯೋಜನಾಯುಗದ ಕಥೆ. ಆ ಯುಗದಲ್ಲಿ ಪ್ರಜೆಗಳು ಮಳೆಗಾಗಿ ಮುಗಿಲನ್ನೂ, ಮಿಕ್ಕೆಲ್ಲದಕ್ಕಾಗಿ ಅನುದಾನವನ್ನೂ ಎದುರು ನೋಡುತ್ತಿದ್ದರು.

ಕೆಂಚನಗೇರಿಯೆಂಬ ಪಟ್ಟಣದ ನಟ್ಟನಡುವೆ ಒಂದು ಭೂಖಂಡವಿತ್ತು. ಹಿಂದೊಮ್ಮೆ ಅಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯೊಂದು ಹಗಲಿರುಳೂ ಹೊಗೆಯುಗುಳುತ್ತ, ತನ್ನ ಕೊಳೆನೀರನ್ನೆಲ್ಲ ಅಲ್ಲಿಯೇ ಗುಂಡಿ ತೋಡಿ ಇಂಗಿಸುತ್ತ ಬಾಳಿ, ಕಡೆಗೊಂದು ದಿನ ಬಾಗಿಲು ಹಾಕಿಕೊಂಡು ಹೋಗಿತ್ತು. ಹಾಲಾಹಲವನ್ನು ಕುಡಿದ ಶಿವನ ಕೊರಳನ್ನು ಒತ್ತಿ ಹಿಡಿಯಲು ಪಾರ್ವತಿಯಿದ್ದಳು. ಈ ಬಡ ಭೂಮಿಗೆ ಯಾರೂ ಇರಲಿಲ್ಲವಾಗಿ ವಿಷವು ನೇರ ಹೊಟ್ಟೆಗಿಳಿದಿತ್ತು. ಅಲ್ಲಿ ಹುಲ್ಲು ಬೆಳೆಯುತ್ತಿರಲಿಲ್ಲ. ಮಳೆ ಬಂದರೆ ಕೆಸರು ಒಮ್ಮೆ ನೇರಳೆಯಾಗಿಯೂ ಒಮ್ಮೆ ಹಸಿರಾಗಿಯೂ ಹೊಳೆಯುತ್ತಿತ್ತು. ಅದರ ಪೂರ್ವಕ್ಕಿದ್ದ ಮಡಿವಾಳರ ಓಣಿಯ ಬಾವಿಯಲ್ಲಿ ಕೊಡ ಮುಳುಗಿಸಿದರೆ ಗುಲಾಬಿ ಬಣ್ಣದ ನೀರು ಬರುತ್ತಿತ್ತು. ನೋಡಲು ಚೆಂದವಾಗಿದ್ದ ಆ ನೀರನ್ನು ದನ ಕೂಡ ಮೂಸಿ ಬಿಡುತ್ತಿದ್ದವು.

ಈ ನೆಲದ ಎರಡು ಬದಿಯಲ್ಲಿ ಇಬ್ಬರು ಮಹಾರಥರಿದ್ದರು.

ಪೂರ್ವ ದಿಕ್ಕಿನಲ್ಲಿ, ಕೆಂಡಗರ್ಭ ಲೋಹಯಂತ್ರಧಾರಿಣಿಯೂ, ಸಮಸ್ತ ಧೋತರ-ಅಂಗಿ-ಪೈಜಾಮ-ಸುಕ್ಕು-ವಿಧ್ವಂಸಿನಿಯೂ, ಮಡಿವಾಳರ ಓಣಿಯ ಚುನಾಯಿತ ಸದಸ್ಯೆಯೂ ಆದ ನೀಲವ್ವೆಯು ತನ್ನ ಇಸ್ತ್ರಿ ಅಂಗಡಿಯಲ್ಲಿ ವಿರಾಜಿಸುತ್ತಿದ್ದಳು. ಬಾವಿಯ ನೀರಿನಿಂದಾಗಿ ಬಿಳಿ ಬಟ್ಟೆಯನ್ನು ಒಗೆಯಲಾಗದೆ, ನದಿಯವರೆಗೆ ಗಂಟು ಹೊತ್ತು ಹೋಗಿ ಬರುವುದು ಅವಳ ಮನೆಯವರ ನಿತ್ಯದ ವನವಾಸವಾಗಿತ್ತು. ಪಶ್ಚಿಮ ದಿಕ್ಕಿನಲ್ಲಿ, ಕ್ಷಣಾರ್ಧ-ಪಟಮಂಟಪ-ನಿರ್ಮಾಣ-ನಿಪುಣನೂ, ಪ್ಲಾಸ್ಟಿಕ್ ಕುರ್ಚಿಗಳ ಅಕ್ಷೋಹಿಣೀಪತಿಯೂ, ಪೇಟೆ ಓಣಿಯ ಸದಸ್ಯನೂ ಆದ ಗುರುಶಾಂತಪ್ಪ ಕಮತರನು ತನ್ನ ಶಾಮಿಯಾನ ಅಂಗಡಿಯ ಗದ್ದುಗೆಯಲ್ಲಿ ಎಲೆ ಅಡಿಕೆ ಮೆಲ್ಲುತ್ತ ಕೂತಿರುತ್ತಿದ್ದನು. ಅದುವರೆಗೆ ಇಬ್ಬರಿಗೂ ಜಗಳವಿರಲಿಲ್ಲ. ಅವನ ಶಾಮಿಯಾನದ ಬಿಳಿ ಬಟ್ಟೆಗಳೆಲ್ಲ ಅವಳ ಮನೆಯಲ್ಲೇ ಮಡಿಯಾಗುತ್ತಿದ್ದವು.

ಹೀಗಿರಲು ಒಂದು ದಿನ ರಾಜಧಾನಿಯಿಂದ ಸುತ್ತೋಲೆ ಬಂದಿತು. ಪುರಸಭೆಯ ಮುಖ್ಯಾಧಿಕಾರಿಗಳಾದ, ಮೃದುಭಾಷಿಗಳೂ ರಕ್ತದೊತ್ತಡಪೀಡಿತರೂ ಆದ ಇನಾಮದಾರ ಸಾಹೇಬರು ತುಂಬಿದ ಸಭೆಯಲ್ಲಿ ಎದ್ದು ನಿಂತು ಅದರ ಸಾರವನ್ನು ಹೀಗೆ ಅರುಹಿದರು:

"ನೋಡ್ರಿ, ಕೆಟ್ಟ ಮಣ್ಣ ತಗದು, ಜಾಗಾ ಸ್ವಚ್ಛ ಮಾಡಿ, ಅಲ್ಲೊಂದು ಉದ್ಯಾನ ಮಾಡಾಕ ಸರ್ಕಾರ ಅನುದಾನ ಕೊಡ್ತೈತಿ. ಆದ್ರ ಸಭಾ ಒಮ್ಮತದ ಠರಾವು ಪಾಸ್ ಮಾಡಬೇಕು. ಒಬ್ರು ಕೈ ಎತ್ತಲಿಲ್ಲ ಅಂದ್ರೂ ಅರ್ಜಿ ವಾಪಸ್. ಈ ತಿಂಗಳ ಕೊನೀ ಒಳಗ ಆಗಬೇಕ್ರಿ."

ಸಭೆಯು ಹರ್ಷೋದ್ಗಾರ ಮಾಡಿತು. ಚಹಾ ಬಂದಿತು. ಅನುದಾನವೆಂಬ ಅಮೃತಕಲಶವು ಇನ್ನೇನು ಕೈಗೆ ಸಿಕ್ಕಿತೆನ್ನುವಷ್ಟರಲ್ಲಿ ಗುರುಶಾಂತಪ್ಪನು ಬಾಯಿಯ ತಾಂಬೂಲವನ್ನು ಒಂದು ದವಡೆಗೆ ಸರಿಸಿ ಎದ್ದನು.

"ಉದ್ಯಾನದ ಹೆಬ್ಬಾಗಲಾ ನಮ್ಮ ಪೇಟೆ ಕಡೆ ಬರ್ಲಿ. ಅದನ್ನೂ ಠರಾವಿನ್ಯಾಗ ಬರೀರಿ."

ನೀಲವ್ವೆಯು ತಲೆಯನ್ನೂ ಎತ್ತಲಿಲ್ಲ. "ಬಾಗಲಾ ಎಲ್ಲೆರ ಇರ್ಲಿ ಬಿಡ್ರಿ ಅಣ್ಣಾರ. ಮೊದ್ಲ ಮಣ್ಣ ತಗಸ್ರಿ," ಎಂದಳು.

ಇಲ್ಲಿಗೆ ಮುಗಿದಿದ್ದರೆ ಈ ಕಥೆಯೂ ಮುಗಿಯುತ್ತಿತ್ತು. ಆದರೆ ವಿಧಿಯು ಗುರುಶಾಂತಪ್ಪನ ನಾಲಗೆಯನ್ನು ಇನ್ನೊಮ್ಮೆ ಆಡಿಸಿತು.

"ಹೌದಲ್ರೀ ಮತ್ತ! ಮಡಿವಾಳರ ಓಣಿ ಅಂದ್ರ ಊರಿನ ಹಿತ್ತಲ ಇದ್ದಂಗ. ಹಿತ್ತಲ ಕಡೆ ಹೆಬ್ಬಾಗಲಾ ಯಾರರ ಇಡ್ತಾರೇನು?"

ಆಗ ಸಭೆಯಲ್ಲಿ ಒಂದು ಸೂಜಿ ಬಿದ್ದಿದ್ದರೆ ಅದರ ಸದ್ದಿಗೆ ಇನಾಮದಾರ ಸಾಹೇಬರು ಬೆಚ್ಚಿಬೀಳುತ್ತಿದ್ದರು. ನೀಲವ್ವೆಯು ಕೈಯಲ್ಲಿದ್ದ ಚಹಾದ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಪ್ರಳಯಕಾಲದ ಮೋಡವು ಮಾತು ಕಲಿತಿದ್ದರೆ ಹೇಗೆ ನುಡಿಯುತ್ತಿತ್ತೋ ಹಾಗೆ ನುಡಿದಳು:

"ಎಲವೋ ಶಾಮಿಯಾನಶೂರನೇ, ಕೇಳು! ಸೂರ್ಯನು ಹುಟ್ಟುವ ದಿಕ್ಕನ್ನು ಹಿತ್ತಲೆಂದ ನಿನ್ನ ಬುದ್ಧಿಗೆ ಗ್ರಹಣ ಹಿಡಿದಿದೆ. ಈ ಊರಿನ ಗಂಡಸರೆಲ್ಲ ನಾಲ್ಕು ಜನರ ನಡುವೆ ನೆಟ್ಟಗೆ ನಿಲ್ಲುವುದು ನಾವು ಒಗೆದು ತೀಡಿದ ಅಂಗಿಯೊಳಗೆ. ಆ ಉದ್ಯಾನಕ್ಕೆ ಬಾಗಿಲೆಂಬುದು ಇದ್ದರೆ ಅದು ಪೂರ್ವಕ್ಕೇ ತೆರೆಯತಕ್ಕದ್ದು. ಅಲ್ಲಿಯವರೆಗೆ ಈ ನನ್ನ ಬಲಗೈ ಠರಾವಿಗೆ ಮೇಲೇಳದು!"

ಗುರುಶಾಂತಪ್ಪನು ಮೇಜನ್ನು ಗುದ್ದಿ ಪ್ರತಿಗರ್ಜನೆ ಮಾಡಿದನು:

"ಎಲೌ ಅಂಗಾರಹಸ್ತೆಯೇ! ಹಸುಗೂಸಿನ ತೊಟ್ಟಿಲಿಗೂ ಹೆಣದ ಚಟ್ಟಕ್ಕೂ ನೆರಳು ಕೊಟ್ಟ ಕುಲ ನನ್ನದು. ನನ್ನ ಕಂಬ ನೆಡದೆ ಈ ಊರಿನಲ್ಲಿ ಮದುವೆಯಿಲ್ಲ, ಭಾಷಣವಿಲ್ಲ, ಸತ್ಕಾರವಿಲ್ಲ. ಪಡುವಣಕ್ಕಲ್ಲದೆ ಬೇರೆ ದಿಕ್ಕಿಗೆ ಬಾಗಿಲಿಟ್ಟರೆ ನನ್ನ ಕೈಯೂ ಏಳದು, ತಿಳಿ!"

ಸಭೆಯ ನಡಾವಳಿಯಲ್ಲಿ ಇದನ್ನು 'ಇಬ್ಬರು ಸದಸ್ಯರು ಆಕ್ಷೇಪ ವ್ಯಕ್ತಪಡಿಸಿದರು' ಎಂದು ಬರೆಯಲಾಯಿತು.

ಅಂದಿನಿಂದ ಘೋರ ಯುದ್ಧವು ಮೊದಲಾಯಿತು. ನೀಲವ್ವೆಯು ಪೇಟೆ ಓಣಿಯ ಬಟ್ಟೆಗಂಟುಗಳನ್ನು ಬಿಚ್ಚದೆ ಹಾಗೆಯೇ ಹಿಂದಕ್ಕಟ್ಟಿದಳು. ಪೇಟೆಯ ಗಣ್ಯರೂ ಬ್ಯಾಂಕಿನ ಮ್ಯಾನೇಜರರೂ ಮುದುಡಿದ ಅಂಗಿಗಳಲ್ಲಿ ತಲೆ ತಗ್ಗಿಸಿ ಓಡಾಡಿದರು. ಪ್ರತಿಯಾಗಿ ಗುರುಶಾಂತಪ್ಪನು ಮಡಿವಾಳರ ಓಣಿಗೆ ಒಂದು ಕುರ್ಚಿಯನ್ನೂ ಕೊಡೆನೆಂದು ಸಾರಿದನು; ಅಲ್ಲಿನ ಒಂದು ಸೀಮಂತದಲ್ಲಿ ಬಸುರಿಯು ಅಕ್ಕಿಮೂಟೆಯ ಮೇಲೆ ಕೂತು ಆರತಿ ಬೆಳಗಿಸಿಕೊಂಡಳು. ಎರಡೂ ಓಣಿಯ ನಾಯಿಗಳು ಮಾತ್ರ ಎಂದಿನಂತೆ ಆ ಬಣ್ಣದ ನೆಲದ ಮೇಲೆ ಒಟ್ಟಿಗೆ ಮಲಗುತ್ತಿದ್ದವು.

ಸಂಧಿಗೆಂದು ಇನಾಮದಾರ ಸಾಹೇಬರು ಓಣಿಯಿಂದ ಓಣಿಗೆ ಸ್ಕೂಟರ್ ಓಡಿಸಿದರು.

"ಎರಡೂ ಕಡೆ ಒಂದೊಂದು ಬಾಗಲಾ ಇಡೋಣು, ಅಕ್ಕಾರ. ಏನಂತೀರಿ?"

"ದೊಡ್ಡದು ಯಾವ ಕಡೀದು, ಸಾಹೇಬ್ರ?" ಎಂದು ನೀಲವ್ವೆಯು ಕೇಳಿದಳು.

ಪಶ್ಚಿಮದಲ್ಲಿ ಗುರುಶಾಂತಪ್ಪನೂ ಅಕ್ಷರಶಃ ಅದನ್ನೇ ಕೇಳಿದನು. ಸಾಹೇಬರು ಮನೆಗೆ ಹೋಗಿ ಗುಳಿಗೆ ನುಂಗಿದರು.

ತಿಂಗಳು ಸವೆಯುತ್ತ ಬಂದಿತು. ನೀಲವ್ವೆಗೆ ಓಣಿಯಲ್ಲಿ ಎಂದೂ ಇಲ್ಲದ ಕೀರ್ತಿ. ಕಟ್ಟೆಯ ಮೇಲೆ ಕೂತ ಮುದುಕರು ಅವಳು ಬಂದರೆ ಎದ್ದು ನಿಲ್ಲುತ್ತಿದ್ದರು. ಆ ಸುಖದಲ್ಲಿ ಅವಳು ತೇಲುತ್ತಿದ್ದ ಒಂದು ಮಧ್ಯಾಹ್ನ, ಸೊಸೆ ಸಾವಕ್ಕನು ನದಿಯಿಂದ ಗಂಟು ಹೊತ್ತು ಬಂದು ಧೊಪ್ಪನೆ ಇಳಿಸಿದಳು. ಹೊಲಿಗೆ ಬಿಟ್ಟ ಚೀಲದಂತೆ ಅವಳ ಬೆರಳ ಸಂದುಗಳು ಒಡೆದಿದ್ದವು. ಮಡಿಯ ಬಟ್ಟೆಗೆ ನದಿಯಾದರೂ, ಪಾತ್ರೆ ತಿಕ್ಕಲು ಮೈ ತೊಳೆಯಲು ಆ ಬಾವಿಯ ನೀರೇ ಗತಿಯಾಗಿತ್ತು. ಅತ್ತೆಯು ಕೊಬ್ಬರಿ ಎಣ್ಣೆಯ ಬಟ್ಟಲನ್ನು ಮುಂದಿಟ್ಟಳು.

ಎಣ್ಣೆ ಸವರಿಕೊಳ್ಳುತ್ತ ಸಾವಕ್ಕನು ಕೇಳಿದಳು. "ಅತ್ತಿ, ಸಿಟ್ಟಾಗಬ್ಯಾಡ್ರಿ. ಬಾಗಲಾ ನಮ್ಮ ಕಡೆ ಬರ್ಲಿಲ್ಲಂದ್ರ ಏನಾಗ್ತೈತ್ರಿ?"

"ಏನಾಗ್ತೈತಿ ಅಂದ್ರ? ಮರ್ಯಾದಿ ಹೋಗ್ತೈತಿ!"

"ಬರ್ಲಿ ಬಿಡ್ರಿ, ಬಂತಂತ ಅನ್ನೋಣು. ಅನುದಾನ ವಾಪಸ್ ಹೋದ್ಮ್ಯಾಲೆ ಆ ಬಾಗಲದಾಗ ನಿಂತು ಏನ್ ನೋಡೋದ್ರಿ ನಾವು?"

ನೀಲವ್ವೆಯು ಮೇಜಿನ ಮೇಲಿದ್ದ ಅಂಗಿಯತ್ತ ತಿರುಗಿದಳು. ಇಸ್ತ್ರಿಪೆಟ್ಟಿಗೆಯನ್ನು ಒಂದೇ ಕಡೆ ಒತ್ತಿ ಹಿಡಿದು ಹಾಗೆಯೇ ನಿಂತುಬಿಟ್ಟಳು. ಕರಕಲು ವಾಸನೆ ಬಂದ ಮೇಲೆ ನೋಡಿದರೆ, ತಲೆಮಾರುಗಳಿಂದ ಒಂದು ದಾರವನ್ನೂ ಸುಡದ ಆ ಮನೆತನದ ಕೈಯಲ್ಲಿ ಹೈಸ್ಕೂಲು ಮೇಷ್ಟರ ಅಂಗಿಯು ಸುಟ್ಟಿತ್ತು.

ಅತ್ತ ಪಶ್ಚಿಮದಲ್ಲಿ ನಡೆದುದನ್ನು ಕೇಳಿ. ಗುರುಶಾಂತಪ್ಪನ ಹಿರಿಯ ಮಗಳು ಬಾಣಂತನಕ್ಕೆ ಬಂದಿದ್ದಳು. ಮೊಮ್ಮಗಳ ತೊಟ್ಟಿಲು ಹಾಕುವ ದಿನ ಸಮೀಪಿಸಿತ್ತು. ಊರಿಗೆಲ್ಲ ಚಪ್ಪರ ಹಾಕಿದವನು ತನ್ನ ಅಂಗಳದಲ್ಲಿ ಹಾಲಿನಂಥ ಬಿಳಿ ಶಾಮಿಯಾನವನ್ನೇ ಕಟ್ಟುವೆನೆಂದು ಸಂಕಲ್ಪಿಸಿದ್ದನು. ಒಗೆಯಲು ನೀಲವ್ವೆ ಇಲ್ಲ. ಸರಿ, ನಮ್ಮ ಬೋರ್‌ವೆಲ್ ಇಲ್ಲವೇ ಎಂದು ಆಳುಗಳಿಂದ ಹಿತ್ತಲಲ್ಲಿ ಒಗೆಸಿ ಒಣಹಾಕಿಸಿದನು.

ಸಂಜೆಯ ಬಿಸಿಲಿನಲ್ಲಿ ಹೋಗಿ ನೋಡುತ್ತಾನೆ, ಬಟ್ಟೆಯು ಗುಲಾಬಿಯಾಗಿದೆ! ಮೊದಲು ಸಂಜೆಗೆಂಪೆಂದುಕೊಂಡನು. ಮೂಲೆಯನ್ನು ಹಿಡಿದು ನೆರಳಿಗೆ ತಂದನು. ನೆರಳಲ್ಲಿಯೂ ಗುಲಾಬಿ. ಆಳಿಗೆ ಕೂಗಿದನು, "ಯಾಕಲೇ, ಇದರಾಗ ಏನರ ಬಣ್ಣದ ಬಟ್ಟಿ ಹಾಕಿದ್ಯೇನು?"

"ಇಲ್ರೀ ಧಣಿ. ನೀರು ಈಗೀಗ ಹಿಂಗ ಬರಾಕತ್ತೇತಿ. ಕೊಡದಾಗ ಗೊತ್ತಾಗಂಗಿಲ್ಲ, ಬಿಳೀ ಬಟ್ಟಿಗೆ ಗೊತ್ತಾಗ್ತೈತಿ."

ಅಷ್ಟರಲ್ಲಿ ಬಚ್ಚಲಮನೆಯಿಂದ ಕೂಸು ಅಳುವ ಸದ್ದು ಕೇಳಿಸಿತು. ಹೆಂಡತಿಯು ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಬಿಸಿನೀರು ಹೊಯ್ಯುತ್ತಿದ್ದಳು. ಅದೇ ಬೋರ್‌ವೆಲ್ಲಿನ ನೀರು. ಅಕ್ಷೋಹಿಣೀಪತಿಯು ಒದ್ದೆ ಶಾಮಿಯಾನವನ್ನು ತುಳಿದುಕೊಂಡು ಓಡಿದನು, ಎಡವಿದನು, ಎದ್ದು ಮತ್ತೆ ಓಡಿದನು. "ನಿಲ್ಸ! ಆ ನೀರ ನಿಲ್ಸ!" ಎಂದು ಕೂಗಿದ ಅವನ ದನಿಯಲ್ಲಿ ವೀರರಸವಿರಲಿಲ್ಲ. ಹೆಂಡತಿಗೆ ಏನೆಂದು ತಿಳಿಯುವ ಮೊದಲೇ ತಂಬಿಗೆಯನ್ನು ಕಸಿದುಕೊಂಡು, ಕೂಸಿನ ಮೈಯನ್ನು ತನ್ನ ಅಂಗಿಯ ಚುಂಗಿನಿಂದ ಒರೆಸತೊಡಗಿದನು. ವಿಷವು ನೆಲದಡಿಯಲ್ಲಿ ಯಾರ ಠರಾವಿಗೂ ಕಾಯದೆ ಪಡುವಣಕ್ಕೆ ಬಂದು ಸೇರಿತ್ತು.

ಗಡುವಿನ ದಿನ ಸಭೆಯು ನೆರೆಯಿತು. ಎರಡೂ ಓಣಿಯ ಜನರು ಕಿಟಕಿಗಳಿಗೆ ಜೋತುಬಿದ್ದಿದ್ದರು. ಇನಾಮದಾರ ಸಾಹೇಬರು ಗುಳಿಗೆಯನ್ನು ಮುಂಚಿತವಾಗಿಯೇ ನುಂಗಿ ಬಂದಿದ್ದರು. ಇಬ್ಬರು ಮಹಾರಥರೂ ಒಂದೇ ಕ್ಷಣಕ್ಕೆ ಎದ್ದು ನಿಂತರು.

"ಎಲೈ ಸಭಾಸದರೇ," ಎಂದು ನೀಲವ್ವೆಯು ಕಂಚಿನ ಕಂಠದಲ್ಲಿ ತೊಡಗಿದಳು, "ಪೂರ್ವದಿಗ್ದೇವತೆಯು ನನ್ನನ್ನು ಕ್ಷಮಿಸಲಿ. ನನ್ನ ಪ್ರತಿಜ್ಞೆಯನ್ನು ಈ ಭೂಮಿತಾಯಿಯ ಪಾದದಲ್ಲಿಟ್ಟಿದ್ದೇನೆ. ಬಾಗಿಲು ಪಡುವಣಕ್ಕೇ ಇರಲಿ!"

"ಇಲ್ಲ!" ಎಂದು ಗುರುಶಾಂತಪ್ಪನು ಗುಡುಗಿದನು. "ಮೂಡಣವು ಸೂರ್ಯನ ದಿಕ್ಕು. ಅದನ್ನು ಹಿತ್ತಲೆಂದ ಈ ನಾಲಗೆಯು ತಪ್ಪು ಮಾಡಿತು. ಬಾಗಿಲು ಮೂಡಣಕ್ಕೇ ಇರತಕ್ಕದ್ದು!"

"ಬ್ಯಾಡ್ರಿ ಅಣ್ಣಾರ, ನಿಮ್ಮ ಕಡೆನ ಇರ್ಲಿ."

"ಏ, ಇಲ್ಲ ತಂಗಿ, ನಿಮ್ಮ ಕಡೆನ ಆಗ್ಲಿ."

"ನಾ ಒಮ್ಮೆ ಕೊಟ್ಟದ್ದು ತಿರುಗಿ ಇಸಗೊಳ್ಳಾಕಿ ಅಲ್ಲ!"

"ನಾನೇನು ಇಸಗೊಳ್ಳಾವೇನು? ಬಾಗಲಾ ಮೂಡಲಕ್ಕ ಇಡದಿದ್ರ ನಾ ಕೈ ಎತ್ತಂಗಿಲ್ಲ, ಹೋಗ್ರಿ!"

ಮೊದಲ ಯುದ್ಧಕ್ಕಿಂತ ಭೀಕರವಾದ ಎರಡನೆಯ ಯುದ್ಧವು ಹೀಗೆ ಭುಗಿಲೆದ್ದಿತು. ಜೀವಮಾನದಲ್ಲಿ ಎಂದೂ ಏರುದನಿಯಲ್ಲಿ ಮಾತನಾಡದ ಇನಾಮದಾರ ಸಾಹೇಬರು ಆಗ ಮೇಜಿನ ಮೇಲಿದ್ದ ಗಂಟೆಯನ್ನು ಎತ್ತಿ ನೆಲಕ್ಕೆ ಒಗೆದರು.

"ಬಾಗಲಾ ಹಾಳಾಗಿ ಹೋಗ್ಲಿ! ಮಣ್ಣ ತಗೀಬೇಕೋ ಬ್ಯಾಡೋ, ಅಷ್ಟು ಹೇಳ್ರಿ! ಎತ್ರಿ ಕೈ!"

ಕೈಗಳೆಲ್ಲ ಮೇಲೆದ್ದವು. ಕಿಟಕಿಗೆ ಜೋತುಬಿದ್ದವರೂ ಕೈಯೆತ್ತಲು ಹೋಗಿ ಇಬ್ಬರು ಕೆಳಗೆ ಬಿದ್ದರು. ಬಾಗಿಲು 'ಸೂಕ್ತ ದಿಕ್ಕಿನಲ್ಲಿ' ಇರತಕ್ಕದ್ದೆಂದು ಠರಾವಾಯಿತು.

ಕಾಲಾಂತರದಲ್ಲಿ ಅನುದಾನವು ಮಂಜೂರಾಗಿ, ರಾಜಧಾನಿಯಿಂದ ಎಂಜಿನಿಯರಮ್ಮನೊಬ್ಬಳು ಜೀಪಿನಲ್ಲಿ ಬಂದಿಳಿದಳು. ಪುರಪ್ರಮುಖರು ಹಾರ ಹಿಡಿದು ನಿಂತಿದ್ದರು. ಅವಳು ನೆಲದ ಸುತ್ತ ಒಂದು ಸಲ ನಡೆದು, ಬೆವರು ಒರೆಸಿಕೊಂಡು, "ಗೇಟ್ ಉತ್ತರಕ್ಕೆ ಹಾಕಿ. ಲಾರಿ ತಿರುಗಿಸೋಕೆ ಅಲ್ಲೇ ಜಾಗ ಇರೋದು," ಎಂದಳು.

ಎತ್ತಿ ಹಿಡಿದಿದ್ದ ಹಾರಗಳು ಮೆಲ್ಲಗೆ ಕೆಳಗಿಳಿದವು.

"ಉದ್ಯಾನ, ಮೇಡಂ?" ಎಂದು ಗುರುಶಾಂತಪ್ಪನು ಮೆಲ್ಲನೆ ಕೇಳಿದನು.

"ಅದು ಮುಂದಿನ ಹಂತ. ಮೊದಲು ಮಣ್ಣು."

"ಮತ್ತ ನೀರು ಯಾವಾಗ ತಿಳಿ ಆಗ್ತೈತ್ರಿ, ಅವ್ವಾ?" ಎಂದಳು ನೀಲವ್ವೆ.

ಎಂಜಿನಿಯರಮ್ಮನು ಅವಳ ಕಡೆ ತಿರುಗಿದಳು. "ಸುಳ್ಳು ಹೇಳಲ್ಲಮ್ಮಾ. ವರ್ಷಗಳೇ ಹಿಡಿಯುತ್ತೆ. ಅಲ್ಲಿವರೆಗೆ ಎರಡೂ ಓಣಿಗೆ ಟ್ಯಾಂಕರ್ ಬರುತ್ತೆ. ಇದರ ನೀರು ಮಕ್ಕಳಿಗೆ ಮುಟ್ಟಿಸಬೇಡಿ."

ಮಣ್ಣು ತೆಗೆಯಲು ಮೊದಲಿಟ್ಟ ದಿನ, ಇಸ್ತ್ರಿಯ ಗೆರೆ ಮುರಿಯದ ಅಂಗಿ ತೊಟ್ಟ ಗುರುಶಾಂತಪ್ಪನೂ, ರೇಷ್ಮೆ ಸೀರೆಯುಟ್ಟ ನೀಲವ್ವೆಯೂ ಉತ್ತರದ ತಗಡಿನ ಗೇಟಿನ ಬಳಿಗೆ ದಿಗ್ವಿಜಯದ ನಡಿಗೆಯಲ್ಲಿ ಬಂದರು. ಕಾವಲುಗಾರನು ಕೋಲನ್ನು ಅಡ್ಡ ಹಿಡಿದನು.

"ಬೂಟಿಲ್ಲಂದ್ರ ಒಳಗ ಬಿಡಂಗಿಲ್ರಿ."

"ನಾವ್ಯಾರು ಗೊತ್ತೈತೇನು?"

"ಯಾರಾದ್ರೂ ಅಷ್ಟ ರೀ. ಬೂಟು ಬೇಕು."

ಮಹಾರಥರು ಹಿಮ್ಮೆಟ್ಟಿ, ರಸ್ತೆಯಾಚೆಯ ಚಹಾದಂಗಡಿಯ ಬೆಂಚಿನ ಮೇಲೆ ಕೂತರು. ಒಳಗೆ ಯಂತ್ರವು ಗುರುಗುಟ್ಟುತ್ತಿತ್ತು. ತುಸು ಹೊತ್ತಿಗೆ ತಾಡಪತ್ರಿ ಹೊದ್ದ ಲಾರಿಯೊಂದು ಮಣ್ಣು ತುಂಬಿಕೊಂಡು, ಮೂಡಣಕ್ಕೂ ಪಡುವಣಕ್ಕೂ ಮುಖ ಮಾಡದೆ, ಹಿಂದೆ ಮುಂದೆ ಸರಿದಾಡಿ ತಿರುಗಿಕೊಂಡು, ಹಾರನ್ ಹೊಡೆದು ಹೊರಟುಹೋಯಿತು. ಅದು ಮೂಲೆ ದಾಟಿ ಮರೆಯಾಗುವವರೆಗೂ ಇಬ್ಬರೂ ನೋಡಿದರು.

"ಹೊಂಟ್ತು ನೋಡ್ರಿ," ಎಂದಳು ನೀಲವ್ವೆ.

"ಹೂಂ," ಎಂದ ಗುರುಶಾಂತಪ್ಪನು ಏನೋ ಘನವಾದುದನ್ನು ನುಡಿಯುವವನಂತೆ ಎದೆಯುಬ್ಬಿಸಿ, ಗಂಟಲು ಸರಿಮಾಡಿಕೊಂಡು, ಕೈಯಲ್ಲಿದ್ದ ಚಹಾದ ಬಟ್ಟಲಿನಿಂದ ಒಂದು ಗುಟುಕು ಹೀರಿದನು. ಮುಖ ಕಿವಿಚಿದನು.

"ಸಕ್ರೀನ ಹಾಕಿಲ್ಲ ನೋಡ್ರಿ ಚಾದವ."