ಮಾಸ್ತರ ಫಟಫಟಿಯ ತೊಟ್ಟಿಲು

ಫಟಫಟಿ ಮೋಟಾರ್ ಸೈಕಲ್ಲು ಇಟ್ಟವನಿಗೆ ನಗೆಪಾಟಲು ತಪ್ಪಿದ್ದಲ್ಲ. ಹೊರಡುವಾಗ ಅದು ನಮ್ಮನ್ನು ಹೊತ್ತುಕೊಂಡು ಹೋಗುತ್ತಿತ್ತು, ಬರುವಾಗ ನಾವು ಅದನ್ನು ನೂಕಿಕೊಂಡು ಬರುತ್ತಿದ್ದೆವು. ವಾರ ವಾರ ಏನಾದರೊಂದು ಆಗಿಯೇ ತೀರುತ್ತಿತ್ತು. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ.

೧. ತೊಟ್ಟಿಲು

ನಿಜಾಮರ ಕಾಲ. ನಮ್ಮ ಕಡೆ ವಾರದ ಸೂಟಿ ಇರುತ್ತಿದ್ದದ್ದು ಶುಕ್ರವಾರ. ನಾನು ಕೊಪ್ಪಳದ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಇಂಜಿನ್ ನೋಡಿಕೊಳ್ಳುವ ಮೇಸ್ತ್ರಿ. ಮೂಲೆಗೆ ಬಿದ್ದಿದ್ದ ಎರಡು ಹಳೆಯ ಗಾಡಿಗಳ ಸಾಮಾನು ಕೂಡಿಸಿ ಒಂದು ಫಟಫಟಿ ಮಾಡಿಕೊಂಡಿದ್ದೆ. ಕುಷ್ಟಗಿಯ ದವಾಖಾನೆಯ ಡಾಕ್ಟರ ಹತ್ತಿರ ಒಂದಿತ್ತು. ಗಂಗಾವತಿಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಸಾವ್ಕಾರರ ಹತ್ತಿರ ಇನ್ನೊಂದು. ಯಲಬುರ್ಗಾದ ಸಾಲಿಯ ಹೆಡ್‌ಮಾಸ್ತರರ ಹತ್ತಿರ ಇದ್ದದ್ದು ನಾಲ್ಕನೆಯದು. ಒಂದೊಂದು ಶುಕ್ರವಾರ ಒಬ್ಬೊಬ್ಬರ ಊರಿನಲ್ಲಿ ನಾವು ನಾಲ್ವರೂ ಕೂಡುತ್ತಿದ್ದೆವು. ಮಂದಿ ನಮಗೆ ‘ಫಟಫಟಿ ಸಂಘ’ ಅಂತ ಹೆಸರಿಟ್ಟಿದ್ದರು.

ಮಾಸ್ತರರ ಗಾಡಿಗೆ ಬದಿಯಲ್ಲಿ ಇನ್ನೊಂದು ಗಾಲಿ, ಅದರ ಮೇಲೆ ಒಬ್ಬರು ಕೂಡುವಂಥ ತಗಡಿನ ಡಬ್ಬಿ. ಅದರಲ್ಲಿ ಅವರ ಹೆಂಡತಿ ಕೂಡುತ್ತಿದ್ದರು. ನಾವೆಲ್ಲ ಅವರಿಗೆ ಅಕ್ಕ ಅನ್ನುತ್ತಿದ್ದೆವು. ಮೊದಲ ಸಲ ಅವರು ಕೊಪ್ಪಳಕ್ಕೆ ಬಂದಾಗ ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಆ ಡಬ್ಬಿಯ ಸುತ್ತ ನಿಂತರು. ಒಬ್ಬ ಮುದುಕಿ ಅದನ್ನು ಮುಟ್ಟಿ ನೋಡಿ, “ಇದಕ್ಕ ಏನಂತಾರವ್ವ?” ಅಂತ ಕೇಳಿದಳು.

“ತೊಟ್ಟಿಲು ಅನ್ನವ್ವ,” ಅಂದರು ಅಕ್ಕ. “ಹದಿನೈದು ವರ್ಷದಾಗ ಮನ್ಯಾಗ ಒಂದು ತೊಟ್ಟಿಲ ಕಟ್ಟಾಕ ಆಗಲಿಲ್ಲ ನಮ್ಮವರಿಗೆ. ಕಡೀಗೆ ಗಾಡಿಗೆ ಕಟ್ಟಿ ನನ್ನ ಕೂಡಿಸ್ಯಾರ.”

ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮಾಸ್ತರರು ಬಗ್ಗಿ, ಕೆಡದೇ ಇದ್ದ ಇಂಜಿನ್ ರಿಪೇರಿ ಮಾಡತೊಡಗಿದರು.

೨. ಹಿಂದೆ ಬಂದವರೇ ಮುಂದೆ

ಗಂಗಾವತಿಯಲ್ಲಿ ಒಂದು ಶುಕ್ರವಾರ ಡಾಕ್ಟರು ಹೊಸ ಪಂದ್ಯ ಹೂಡಿದರು. ಗಿರಣಿಯ ಮುಂದಿನ ಬಯಲಿನಲ್ಲಿ ಸುಣ್ಣದ ಎರಡು ಗೆರೆ. ಈ ಗೆರೆಯಿಂದ ಆ ಗೆರೆಗೆ ಎಲ್ಲರಿಗಿಂತ ನಿಧಾನವಾಗಿ ಹೋದವರು ಗೆದ್ದಂತೆ. ಇಂಜಿನ್ ನಿಲ್ಲಬಾರದು, ಕಾಲು ನೆಲಕ್ಕೆ ತಾಗಬಾರದು. ಮಾಡಿದ ಕಾನೂನು ಇವೆರಡೇ.

ಗಾಡಿ ಮುಂದಕ್ಕೆ ಹೋಗಲೇಬೇಕು ಅಂತ ಡಾಕ್ಟರು ಹೇಳಿರಲಿಲ್ಲ. ನಾನು ನಾಲ್ಕು ಮಾರು ಹೋಗಿ ವಾಲಿ ಬಿದ್ದೆ. ಡಾಕ್ಟರು ನನ್ನ ಮೇಲೆ ಬಿದ್ದರು. ಸಾವ್ಕಾರರ ಗಾಡಿಯ ಬ್ರೇಕು ಕಿತ್ತುಹೋಗಿ, ಅವರು ಗುಂಡು ಹೊಡೆದಂತೆ ಆ ಗೆರೆ ದಾಟಿಬಿಟ್ಟರು. ಗಿರಣಿಯ ಹಮಾಲರಿಗೆ ಇಷ್ಟೇ ಸಾಕಾಯಿತು. ಧಣಿಗಳು ಗೆದ್ದರು ಅಂತ ಹೆಗಲ ಮೇಲೆ ಹೊತ್ತು, ಮಾಲೆ ಹಾಕಿ, ಹಲಗೆ ಬಾರಿಸಿದರು. ಸಾವ್ಕಾರರು ಮೇಲಿಂದಲೇ ಬಗ್ಗಿ ಡಾಕ್ಟರ ಕಿವಿಯಲ್ಲಿ, “ಸೋತೀನಿ ಅಂತ ಇವರಿಗೆ ಹೇಳಬ್ಯಾಡ್ರಿ, ಪಾಪ, ಮಾಲಿ ತಂದಾರ,” ಅಂದರು.

ಇತ್ತ ಮಾಸ್ತರರ ಗಾಡಿಗೆ ಮೂರು ಗಾಲಿ, ಬೀಳುವ ಮಾತೇ ಇಲ್ಲ. ಅವರು ಹೊರಟ ಗೆರೆಯ ಮೇಲೆಯೇ ಇಂಜಿನ್ ಗುರುಗುಟ್ಟಿಸುತ್ತ ಕೂತಿದ್ದರು. ಪಕ್ಕದಲ್ಲಿ ಅಕ್ಕ ಉಡಿಯಲ್ಲಿ ಶೇಂಗಾ ಹಾಕಿಕೊಂಡು ಸುಲಿಯುತ್ತಿದ್ದರು. ಕನಿಕರ ಹುಟ್ಟಿ ಒಬ್ಬ ರೈತ ಹತ್ತಿರ ಬಂದ.

“ಗಾಡಿ ಕೆಟ್ಟೈತೇನ್ರಿ?”

“ಗಾಡಿ ಛಲೋ ಐತಪ್ಪ,” ಅಂದರು ಅಕ್ಕ, ಅವನ ಕೈಯಲ್ಲೊಂದು ಹಿಡಿ ಶೇಂಗಾ ಹಾಕುತ್ತ. “ಇವರು ಗೆಲ್ಲಾಕತ್ತಾರ.”

೩. ಎತ್ತು ಕಟ್ಟಿದ ಫಟಫಟಿ

ಮಹಾಯುದ್ಧ ಬಂತು, ಪೆಟ್ರೋಲಿಗೆ ರೇಷನ್ ಚೀಟಿ ಬಂತು. ಸಾವ್ಕಾರರು ಗಾಡಿಗೆ ತಾಡಪತ್ರಿ ಹೊದಿಸಿ ಇಟ್ಟುಬಿಟ್ಟರು. ಡಾಕ್ಟರಿಗೆ ನೌಕರಿಯ ಪಾಲಿನ ಪೆಟ್ರೋಲು ಸಿಗುತ್ತಿತ್ತು, ನಾನು ಸೀಮೆಎಣ್ಣೆ ಬೆರೆಸಿ ಹೇಗೋ ನಡೆಸುತ್ತಿದ್ದೆ. ಮಾಸ್ತರರಿಗೂ ಅದನ್ನೇ ಕಲಿಸಿದೆ. ಅದು ನನ್ನದೇ ತಪ್ಪು. ಒಂದು ಶುಕ್ರವಾರ ಅಳವಂಡಿಗೆ ಹೊರಟಾಗ, ಊರು ಇನ್ನೂ ಒಂದು ಹರದಾರಿ ಇರುವಲ್ಲೇ ಅವರ ಗಾಡಿ ಕರೀ ಹೊಗೆ ಉಗುಳಿ ನಿಂತುಬಿಟ್ಟಿತು. ಹೊಲದಿಂದ ಬರುತ್ತಿದ್ದ ರೈತನೊಬ್ಬ ತನ್ನ ಜೋಡೆತ್ತಿಗೆ ಹಗ್ಗ ಹಾಕಿ ಅದನ್ನು ಎಳೆಸಿದ. ಮಾಸ್ತರರು ಹ್ಯಾಂಡಲ್ ಹಿಡಿದು ಮೇಲೆ, ಅಕ್ಕ ತೊಟ್ಟಿಲಲ್ಲಿ. ನಾನೂ ಡಾಕ್ಟರೂ ಎತ್ತು ಬೆದರದಿರಲೆಂದು ಇಂಜಿನ್ ಆರಿಸಿ, ನಮ್ಮ ಗಾಡಿ ನೂಕಿಕೊಂಡು ಹಿಂದೆ.

ಸ್ವಲ್ಪ ದೂರ ಹೋದ ಮೇಲೆ ಅಕ್ಕ ತಿರುಗಿ ಗಂಡನಿಗೆ, “ಇವತ್ತ ನೋಡ್ರಿ, ನೀವು ಮಾತಾಡಿದ್ದು ಕೇಳಸಾಕತ್ತೈತಿ,” ಅಂದರು.

“ಇಷ್ಟು ದಿನ ಕೇಳಸ್ತಿರಲಿಲ್ಲ?”

“ಆ ಸಪ್ಪಳದಾಗ ಏನು ಕೇಳಸ್ತೈತಿ? ನೀವು ಏನರೆ ಅಂದ್ರ, ಹೂಂ ಅಂತ ತಲಿ ಹಾಕಿಬಿಡ್ತಿದ್ದೆ.”

ನಾನು ನಗುತ್ತ ಡಾಕ್ಟರ ಕಡೆ ನೋಡಿದೆ. ಅವರು ನಗುತ್ತಿರಲಿಲ್ಲ. ಹೆಜ್ಜೆ ನಿಧಾನ ಮಾಡಿ ಮೆಲ್ಲಗೆ ಹೇಳಿದರು.

“ಮೇಸ್ತ್ರಿ, ಅಕ್ಕಾರ ಹೃದಯ ದಣಿದೈತಿ. ಭಾಳ ದಿನ ಎಳೆಯೂದಿಲ್ಲ. ಊರೂರು ತಿರುಗೋಣು ಅಂತ ಆಕಿನ ಹಟ ಹಿಡಿದಾಳ, ನಾನೂ ಬ್ಯಾಡ ಅನ್ನಲಿಲ್ಲ.”

“ಮಾಸ್ತರಿಗೆ ಗೊತ್ತೈತೇನ್ರಿ?”

“ಗೊತ್ತೈತಿ. ಹೆಂಡತಿಗೆ ಹೇಳಬ್ಯಾಡ್ರಿ ಅಂತ ಆಣಿ ಹಾಕ್ಯಾರ. ಆಕಿಗೂ ಗೊತ್ತೈತಿ. ಗಂಡಗ ಹೇಳಬ್ಯಾಡ್ರಿ ಅಂತ ಆಕಿನೂ ಆಣಿ ಹಾಕ್ಯಾಳ.” ಮೂಗು ಒರೆಸಿಕೊಂಡು ಡಾಕ್ಟರು ಮುಂದುವರಿಸಿದರು. “ಇಬ್ಬರೂ ಬರೋದು ನನ್ನ ದವಾಖಾನಿಗೇನ. ಒಬ್ಬರು ಮುಂದಿನ ಬಾಗಲಿಂದ ಬಂದ್ರ, ಇನ್ನೊಬ್ಬರನ್ನ ಹಿಂದಿನ ಬಾಗಲಿಂದ ಕಳಸೋದ ನನಗೊಂದು ನೌಕರಿ ಆಗೇತಿ.”

೪. ಹನುಮಸಾಗರದ ಬಣವಿ

ಮುಂದಿನ ಸುಗ್ಗಿಯ ಹೊತ್ತಿಗೆ ಅಕ್ಕ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಿದ್ದರು. ಆದರೂ ಹನುಮಸಾಗರಕ್ಕೆ ಬಂದರು. ಊರ ಹೊರಗಿನ ಬಯಲಿನಲ್ಲಿ ಬುತ್ತಿ ಉಂಡು ಕೂತಾಗ ನನ್ನನ್ನು ಕರೆದು, “ತಮ್ಮಾ, ನನಗ ಇದನ್ನ ಹೊಡಿಯೂದು ಕಲಸು,” ಅಂದರು.

ಮಾಸ್ತರರು ಬೇಡವೆಂದು ಬಾಯಿ ತೆರೆದರು. ಡಾಕ್ಟರ ಮುಖ ನೋಡಿ, ಮುಚ್ಚಿಕೊಂಡು ಹೋಗಿ ತೊಟ್ಟಿಲಲ್ಲಿ ಕೂತರು. ಅಕ್ಕ ಕಚ್ಚೆ ಬಿಗಿದು ಮೇಲೆ ಹತ್ತಿದರು. ನಾನು ಕಿಕ್ಕು ಹೊಡೆದು ಕೊಟ್ಟೆ. ಹೊರಡುವುದನ್ನು ಹೇಳಿಕೊಟ್ಟೆ, ತಿರುಗಿಸುವುದನ್ನು ಹೇಳಿಕೊಟ್ಟೆ. ನಿಲ್ಲಿಸುವುದನ್ನು ಹೇಳುವಷ್ಟರಲ್ಲಿ ಅವರು ಹೋಗಿಯಾಗಿತ್ತು.

ಎರಡು ಸುತ್ತು ಚೆಂದಾಗಿ ಹೊಡೆದರು. ಸೆರಗು ಗಾಳಿಗೆ ಹಾರುತ್ತಿತ್ತು, ಮುಖದಲ್ಲಿ ನಾನು ಎಂದೂ ಕಾಣದ ಕಳೆ ಇತ್ತು. ತೊಟ್ಟಿಲಿಂದ ಮಾಸ್ತರರು ಎರಡೂ ಕೈ ಎತ್ತಿ, “ನಿಂದ್ರಸ, ಏ ನಿಂದ್ರಸ,” ಅಂತ ಒದರುತ್ತಿದ್ದರು. ಮೂರನೆಯ ಸುತ್ತಿಗೆ ಗಾಡಿ ಸೀದಾ ಹೋಗಿ ಜೋಳದ ದಂಟು ಒಟ್ಟಿದ್ದ ಕಣಿಕೆಯ ಬಣವಿಗೆ ನುಗ್ಗಿ ನಿಂತಿತು. ನಾವು ಓಡಿಹೋದೆವು. ಅಕ್ಕ ಮೇಲೆ ಹಾಗೆಯೇ ಕೂತಿದ್ದರು. ಮಾಸ್ತರರು ಕುತ್ತಿಗೆಯ ತನಕ ಕಣಿಕೆಯಲ್ಲಿ ಹುಗಿದುಹೋಗಿ ಬರೀ ತಲೆ ಕಾಣುತ್ತಿತ್ತು.

ಅಕ್ಕ ಉಸಿರು ತಿರುಗಿಸಿಕೊಳ್ಳುತ್ತ ಆ ತಲೆಗೆ ಹೇಳಿದರು. “ರೀ, ಇಷ್ಟು ವರ್ಷ ನಾ ಅಲ್ಲೇ ಕುಂತಿದ್ದೆ. ಒಂದು ದಿನಾನೂ ಹಿಂಗ ಒದರಿಲ್ಲ.”

ಅವರು ನಮ್ಮೊಂದಿಗೆ ಬಂದದ್ದು ಅದೇ ಕೊನೆ. ಆ ತಿಂಗಳು ಕಳೆಯುವುದರೊಳಗೆ, ಒಂದು ಮುಂಜಾನೆ ಒಲೆಯ ಮುಂದೆ ಕೂತವರು ಮತ್ತೆ ಏಳಲಿಲ್ಲ.

೫. ಅರ್ಧ ಚೀಲ

ಎರಡು ತಿಂಗಳು ನಾವು ಯಾರೂ ಗಾಡಿ ಹೊರಗೆ ತೆಗೆಯಲಿಲ್ಲ. ಆಮೇಲೆ ಡಾಕ್ಟರೇ ಯಲಬುರ್ಗಾಕ್ಕೆ ಹೋಗಿ, ಮಾಸ್ತರರನ್ನು ಒತ್ತಾಯ ಮಾಡಿ ಕುಷ್ಟಗಿಗೆ ಕರೆದರು. ಜೊತೆಗಿರಲೆಂದು ಆ ಶುಕ್ರವಾರ ನಾನು ಯಲಬುರ್ಗಾಕ್ಕೆ ಹೋದೆ. ಅಂಗಳದಲ್ಲಿ ಮಾಸ್ತರರು ತೊಟ್ಟಿಲಿಗೆ ಜೋಳದ ಚೀಲ ಏರಿಸುತ್ತಿದ್ದರು.

“ಬರೇ ತೊಟ್ಟಿಲಿದ್ರ ಗಾಡಿ ತಿರುವಿನ್ಯಾಗ ಮ್ಯಾಲ ಏಳತೈತಿ,” ಅಂದರು, ನಾನು ಕೇಳುವುದರೊಳಗೆ. “ಭಾರ ಬೇಕು. ಅರ್ಧ ಚೀಲ ಹಾಕೀನಿ. ಕಡೀಕಡೀಗೆ ಆಕಿ ಅಷ್ಟ ಇದ್ಲು.”

ಇಬ್ಬರೂ ಹೊರಟೆವು. ಗಾಡಿ ಎತ್ತಿ ಹಾಕುವ ಆ ದಾರಿಯಲ್ಲಿ ಅವರು ಮುಂದೆ, ನಾನು ಧೂಳಿಗೆ ಹೆದರಿ ಬಹಳ ಹಿಂದೆ. ದಾರಿಯುದ್ದಕ್ಕೂ ಗುಬ್ಬಿಗಳು ಹಿಂಡು ಹಿಂಡಾಗಿ ಇಳಿಯುತ್ತಿದ್ದವು. ಯಾಕೆಂದು ನಾನು ಯೋಚನೆ ಮಾಡಲಿಲ್ಲ.

ಕುಷ್ಟಗಿಯ ಹೊರಗೆ ಬೇವಿನ ಮರದ ಕೆಳಗೆ ಡಾಕ್ಟರು ಕಾಯುತ್ತಿದ್ದರು. ಮಾಸ್ತರರು ಇಳಿದು ತೊಟ್ಟಿಲ ಕಡೆ ನೋಡಿದರು. ತಗಡಿನ ಅಂಚಿಗೆ ತಿಕ್ಕಿ ಚೀಲ ಹರಿದಿತ್ತು. ತಳದ ತೂತಿನಿಂದ ಜೋಳವೆಲ್ಲ ಸೋರಿ, ಒಳಗೆ ಬರೀ ಗೋಣಿ ಮುದುಡಿಕೊಂಡು ಬಿದ್ದಿತ್ತು.

ಮಾಸ್ತರರು ಅದನ್ನು ಎತ್ತಿ ಜಾಡಿಸಿದರು, ಮಡಚಿದರು, ಮತ್ತೆ ಅಲ್ಲೇ ಇಟ್ಟರು. “ಇದೂ ಹಾದ್ಯಾಗ ಇಳಿದು ಹೋತು,” ಅಂದರು.

ಡಾಕ್ಟರು ಮುಖ ತಿರುಗಿಸಿಕೊಂಡರು. ನಾನು ನನ್ನ ಗಾಡಿಯನ್ನು ನೆರಳಿಗೆ ನೂಕಿ ನಿಲ್ಲಿಸಿದೆ. ಅಷ್ಟರಲ್ಲಿ ನಾವು ಬಂದ ದಾರಿಯಿಂದ ಒಬ್ಬ ಮುದುಕಿ ಬಗ್ಗುತ್ತ, ಏಳುತ್ತ ಬಂದಳು. ಕಾಳುಕಡಿ ಕಣ್ಣಿಗೆ ಬೀಳದ ವರ್ಷ ಅದು. ಅವಳ ಉಡಿ ಜೋಳದಿಂದ ತುಂಬಿ ಜೋತುಬಿದ್ದಿತ್ತು. ನಮ್ಮ ಮುಂದೆ ನಿಂತು ಗಾಡಿ ನೋಡಿದಳು, ತೊಟ್ಟಿಲಿನಲ್ಲಿದ್ದ ಗೋಣಿ ನೋಡಿದಳು, ಆಮೇಲೆ ಬಹಳ ಮರ್ಯಾದೆಯಿಂದ ಮಾಸ್ತರರನ್ನು ಕೇಳಿದಳು.

“ಯಪ್ಪಾ, ಬರೋ ಶುಕ್ರವಾರನೂ ಇದ ದಾರೀಲೆ ಬರ್ತೀರೇನ್ರಿ?”

ಮೊದಲು ನಕ್ಕದ್ದು ಮಾಸ್ತರರೇ. ಎರಡು ತಿಂಗಳಲ್ಲಿ ಅವರು ನಕ್ಕದ್ದು ಅದೇ ಮೊದಲು. ಆಮೇಲೆ ಡಾಕ್ಟರು, ಆಮೇಲೆ ನಾನು, ಯಾಕೆಂದು ತಿಳಿಯದಿದ್ದರೂ ಮುದುಕಿಯೂ ನಕ್ಕಳು. ನಕ್ಕು ನಕ್ಕು ಮಾಸ್ತರರು ಗಾಡಿ ಹಿಡಿದುಕೊಂಡು ಕೆಳಗೆ ಕೂತುಬಿಟ್ಟರು. ನಾವು ನಗು ನಿಲ್ಲಿಸಿದ ಮೇಲೂ ಅವರ ಭುಜಗಳು ಅಲುಗುತ್ತಲೇ ಇದ್ದವು. ಮುದುಕಿ ಒಂದು ಕೈಯಲ್ಲಿ ಉಡಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಅವರ ಬೆನ್ನು ಸವರುತ್ತ ನಿಂತಳು.

“ಬರ್ತೀನವ್ವ,” ಅಂದರು ಮಾಸ್ತರರು, ಬಹಳ ಹೊತ್ತಿನ ಮೇಲೆ. “ಬರ್ತೀನಿ.”